ಕೋಣಂದೂರಿನ ಎಡೆಗೆ ಮಸ್ಕತ್ತಿನ ಚೀಸ್‌ಕೇಕ್

ಮಸ್ಕತ್ತಿನಲ್ಲಿ ನಮ್ಮ ಕೊನೆಯ ಮಾಮೂಲಿ ದಿನ ಒಂದು ಶುಕ್ರವಾರ. ನಾನು ಕೆಲಸ ಮಾಡುತ್ತಿದ್ದ ಕೇಕಿನ ಅಂಗಡಿಗೆ ರಜೆ. ಲಲಿತಾ ಬೆಳಿಗ್ಗೆಯೇ ಸಮುದ್ರದ ದಂಡೆಗೆ ಹೋಗೋಣ ಎಂದಳು. ನಾನು ಬಿಸಿಲು ಎಂದೆ. ಸಂಜೆ ಹೋಗೋಣ ಎಂದಳು. ನಾನು ಜನ ಎಂದೆ. ಕೊನೆಗೆ ಎಲ್ಲಿಗೂ ಹೋಗದೆ ಮನೆಯಲ್ಲೇ ಚೀಸ್‌ಕೇಕ್ ಮಾಡಿದೆ. ಅದು ಒಂದು ರಾತ್ರಿ ಫ್ರಿಜ್ಜಿನಲ್ಲಿ ಕೂತರೇ ಕತ್ತರಿಸಲು ಬರುವುದು. ಅವಳು ಯಾವತ್ತೂ ಕಾದವಳಲ್ಲ. ಬಿಸಿ ಇರುವಾಗಲೇ ಚಮಚ ಹಾಕಿದಳು. ಬೈದರೆ, "ನಾನೇನು ನಿಮ್ಮ ಅಂಗಡಿ ಗಿರಾಕಿನಾ?" ಎಂದಳು. ಮರುದಿನ ನಾನು ಕೆಲಸಕ್ಕೆ ಹೋದ ಮೇಲೆ ತಲೆನೋವೆಂದು ಮಲಗಿದವಳು ಮತ್ತೆ ಏಳಲಿಲ್ಲ.

ಪೆಟ್ಟಿಗೆಯ ಜೊತೆ ವಿಮಾನದಲ್ಲಿ ನಾನೂ ಬಂದೆ. ಕೋಣಂದೂರಿನ ಅವಳ ತವರಿನಲ್ಲಿ ಒಂದು ಫೋಟೊಕ್ಕೆ ಹಾರ ಹಾಕಿ ದೀಪ ಹಚ್ಚಿದ್ದರು. ಎರಡು ಜಡೆ ಮುಂದಕ್ಕೆ ಬಿಟ್ಟುಕೊಂಡ, ಹೈಸ್ಕೂಲಿನ ಹುಡುಗಿ. ಹೆಂಗಸರು ಆ ಫೋಟೊ ನೋಡುತ್ತ, ಪೇರಳೆ ಮರ ಹತ್ತುತ್ತಿದ್ದವಳು, ಹೊಳೆಗೆ ಹಾರುತ್ತಿದ್ದವಳು ಎಂದು ಅಳುತ್ತಿದ್ದರು. ನಾನು ಕರೆತಂದದ್ದು ಕಿವಿಯ ಹತ್ತಿರ ನರೆ ಬಂದಿದ್ದ, ಓದಲು ಕನ್ನಡಕ ಬೇಕಿದ್ದ ಹೆಂಗಸನ್ನು. ಹಾರದೊಳಗಿನ ಹುಡುಗಿಯ ಪರಿಚಯವೇ ನನಗಿರಲಿಲ್ಲ. ಬೇರೆ ಯಾರದೋ ಮನೆಗೆ ಬಂದುಬಿಟ್ಟೆನೋ ಎನ್ನಿಸಿತು.

ಮಸ್ಕತ್ತಿನ ಗೆಳೆಯರೇ, ನೀವು ಫೋನು ಮಾಡಿದಾಗಲೆಲ್ಲ ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರ ಹೇಳುತ್ತೇನೆ. ಯಾಕೆ ಹಿಂದಿರುಗಲಿಲ್ಲ? ಮಾಲೀಕರು ಕೊಟ್ಟ ರಜೆ ಮುಗಿಯಿತು, ನಾನು ಏಳಲಿಲ್ಲ. ವೀಸಾ ತಾನಾಗಿ ಮುಗಿಯಿತು. ನನ್ನ ಹುಟ್ಟೂರು ಚಳ್ಳಕೆರೆಯಲ್ಲಿ ನನ್ನದೆಂದು ಉಳಿದದ್ದು ಹೆಸರಿನ ಮುಂದಿನ ಅಕ್ಷರ ಮಾತ್ರ. ಅವಳನ್ನು ಸುಟ್ಟ ನೆಲದ ಹತ್ತಿರವಾದರೂ ಇರೋಣ ಎನ್ನಿಸಿತು. ಅತ್ತೆಮನೆಯಲ್ಲಿ ಎಷ್ಟು ದಿನ ಕೂರುವುದು? ಲಲಿತಾಳ ತಮ್ಮ ಸುರೇಶ, ಹೊಸನಗರದಲ್ಲಿ ಮಂಜಣ್ಣ ಎಂಬುವವರ ಬೇಕರಿಯಲ್ಲಿ ಕೆಲಸ ಕೊಡಿಸಿದ.

ಕೆಲಸ ಸಿಕ್ಕಷ್ಟು ಸುಲಭವಾಗಿ ಮನೆ ಸಿಗಲಿಲ್ಲ. ಮಸ್ಕತ್ತಿನಲ್ಲಿ ಪಾಸ್‌ಪೋರ್ಟು ನೋಡುತ್ತಾರೆ, ಬಾಡಿಗೆ ಹೇಳುತ್ತಾರೆ, ಬೀಗದ ಕೈ ಕೊಡುತ್ತಾರೆ. ಇಲ್ಲಿ ಮೊದಲು ಕಾಫಿ ಕೊಡುತ್ತಾರೆ, ಆಮೇಲೆ ವಿಚಾರಣೆ.

"ಒಬ್ರೇನಾ?"

"ಹೌದು."

"ಮನೆಯೋರು ಯಾವಾಗ ಬರ್ತಾರೆ?"

"ಬರಲ್ಲ."

"ಜಗಳನಾ?"

ತೀರಿಕೊಂಡಳು ಎಂದು ಹೇಳಿದರೆ ಅಯ್ಯೋ ಎನ್ನುತ್ತಾರೆ, ಇನ್ನೊಂದು ಲೋಟ ಕಾಫಿ ಕೊಡುತ್ತಾರೆ, ಮನೆ ಮಾತ್ರ ಕೊಡುವುದಿಲ್ಲ. ಒಂಟಿ ಗಂಡಸಿಗೆ ಕೊಡಲು ಅವರಿಗೆ ಧೈರ್ಯವಿಲ್ಲ. ಹೀಗೆ ಊರಿನ ಅರ್ಧ ಜನಕ್ಕೆ ನನ್ನ ಹೆಂಡತಿಯ ಸಾವನ್ನು ನಾನೇ ಮನೆಮನೆಗೆ ಹೋಗಿ ತಿಳಿಸಿದ ಹಾಗಾಯಿತು. ಕೊನೆಗೆ ಬಸ್‌ಸ್ಟ್ಯಾಂಡಿನ ಹಿಂದೆ, ಗ್ಯಾಸ್ ಒಲೆ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ ಸಿಕ್ಕಿತು. ಅಂಗಡಿಯವನಿಗೆ ಪ್ರಶ್ನೆ ಕೇಳುವಷ್ಟು ಪುರುಸೊತ್ತಿರಲಿಲ್ಲ, ಅಷ್ಟೇ.

ನೀವೆಲ್ಲ ನಾನು ಸ್ವರ್ಗದಲ್ಲಿದ್ದೇನೆ ಎಂದುಕೊಂಡಿದ್ದೀರಿ. ಜೋಗದ ಫೋಟೊ ಕಳಿಸು, ಮಳೆಯ ವಿಡಿಯೊ ಕಳಿಸು ಎನ್ನುತ್ತೀರಿ. ಮಾರ್ಚಿನಲ್ಲಿ ಜೋಗಕ್ಕೆ ಹೋದೆ. ದೊಡ್ಡ ಬಂಡೆ, ಅದರ ಮೇಲೆ ನೀರಿಳಿದ ಗುರುತು. ಆ ಬಂಡೆಯ ಫೋಟೊವನ್ನೇ ಕಳಿಸಿದ್ದೆ, ನೀವು ತಮಾಷೆ ಎಂದು ನಕ್ಕಿರಿ. ಇನ್ನು ದಾರಿಯ ವಿಷಯ. ಎಲ್ಲಿಗೆ ಕೇಳಿದರೂ 'ಇಲ್ಲೇ' ಎನ್ನುತ್ತಾರೆ. ಹುಲಿಕಲ್ ಎಲ್ಲಿ ಎಂದರೆ 'ಇಲ್ಲೇ'. ಅಂಚೆ ಕಚೇರಿ ಎಲ್ಲಿ ಎಂದರೆ ಅದೂ 'ಇಲ್ಲೇ'. ಒಂದಕ್ಕೆ ಬಸ್ಸು ಬೇಕು, ಇನ್ನೊಂದಕ್ಕೆ ರಸ್ತೆ ದಾಟಿದರೆ ಸಾಕು. ಲಲಿತಾಳದೂ ಇದೇ ಚಾಳಿ. ನಮ್ಮೂರಿಂದ ಎಲ್ಲವೂ ಇಲ್ಲೇ ಎಂದು ಅಲ್ಲಿ ಕೂತು ಹೇಳುತ್ತಿದ್ದಳು. ನಾನು ನಂಬಿದ್ದೆ.

ಶಿವರಾತ್ರಿ ಕಳೆದ ಮೇಲೆ ವರ್ಷದ ಕಾರ್ಯದ ಮಾತು ಬಂತು. ಅವರ ಮನೆಯ ಪದ್ಧತಿ ಹೀಗಿದೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಒಳಕೋಣೆಯಲ್ಲಿ ಬಾಳೆಲೆಯ ಮೇಲೆ ಬಡಿಸಿ, ಬಾಗಿಲು ಹಾಕಿ, ಎಲ್ಲರೂ ಹೊರಗೆ ಕಾಯುತ್ತಾರೆ. ಹೋದವರು ಬಂದು ಉಂಡು ಹೋಗುತ್ತಾರೆಂಬ ನಂಬಿಕೆ. ಇದಕ್ಕೆ ಎಡೆ ಇಡುವುದು ಎನ್ನುತ್ತಾರೆ. ಅತ್ತೆ ಬೆರಳು ಮಡಿಚುತ್ತ ಹೇಳಿದರು: ಕಡುಬು, ಕೋಳಿ ಸಾರು, ಹುರಿದ ಮೀನು, ಹಲಸಿನ ಹಪ್ಪಳ, ಪೇರಳೆ ಹಣ್ಣು.

"ಒಂದು ಚೀಸ್‌ಕೇಕೂ ಇಡೋಣ ಅತ್ತೆ," ಎಂದೆ.

"ಎಂತದು?"

"ಮೊಸರು ಹಾಕಿ ಮಾಡೋ ಕೇಕು. ಅವಳಿಗೆ ಅದಂದ್ರೆ ಪ್ರಾಣ."

ಅತ್ತೆ ಮಗನ ಕಡೆ ತಿರುಗಿದರು. "ಕೇಳಿದ್ಯನಾ ಸುರೇಶ? ನಿಮ್ಮಕ್ಕ ಮೊಸರು ತಿಂತಿದ್ಲಂತೆ! ಅಳಿಯಂದ್ರೇ, ಮೊಸರಿನ ಪಾತ್ರೆ ಕಂಡ್ರೆ ಮೂಗು ಮುಚ್ಕೊಂಡು ಓಡ್ತಿತ್ತು ಅದು. ಹೆತ್ತೋಳಿಗೆ ಗೊತ್ತಿರಲ್ವಾ?"

"ಅದು ಇಲ್ಲಿದ್ದಾಗ ಅತ್ತೆ. ಅಲ್ಲಿ ಹಾಗಲ್ಲ."

"ಅಲ್ಲೆಂತ, ಬೇರೆ ನಾಲಿಗೆ ಇಟ್ಕೊಂಡಿದ್ಲಾ?"

"ಇರ್ಲಿ ಬಿಡಮ್ಮ, ಭಾವ ತರ್ತೀನಿ ಅಂತಾರಲ್ಲ," ಎಂದ ಸುರೇಶ.

"ತರ್ಲಿ. ನಾನೆಂತ ಬೇಡ ಅಂದ್ನಾ? ಆದ್ರೆ ಎಡೇದು ಅದು. ಮಾಡುವಾಗ ಉಪ್ಪು ಸಾಕಾ, ಸಿಹಿ ಸಾಕಾ ಅಂತ ನಾಲಿಗೆಗೆ ಹಚ್ಚಂಗಿಲ್ಲ. ಎಂಜಲಾಯ್ತಾ, ಒಳಗೆ ಬರಲ್ಲ."

ಅವರಿಗೆ ಅದು ಒಂದು ತಿಂಡಿ ಹೆಚ್ಚು, ಒಂದು ತಿಂಡಿ ಕಡಿಮೆ. ನನಗೆ ಹಾಗಿರಲಿಲ್ಲ. ಎಲೆಯ ಮೇಲೆ ಇರುವುದೆಲ್ಲ ಫೋಟೊದ ಹುಡುಗಿಗೆ ಸೇರಿದ್ದು. ನನ್ನ ಜೊತೆ ಸಂಸಾರ ಮಾಡಿದವಳು ಬಂದರೆ, ಆ ಎಲೆಯ ಮುಂದೆ ಕೂತು ತನ್ನದೇನಿದೆ ಎಂದು ಹುಡುಕಬಾರದಲ್ಲ. ಅಲ್ಲಿ ನಾವು ಬದುಕಿದ್ದಕ್ಕೆ ಆ ಎಲೆಯಲ್ಲಿ ಒಂದು ತುಂಡಿನಷ್ಟಾದರೂ ಜಾಗ ಬೇಕಿತ್ತು.

ಮೊಸರಿನ ಜೊತೆ ಬೆರೆಸುವ ಕ್ರೀಮ್ ಚೀಸ್ ಹುಡುಕಿಕೊಂಡು ಸಾಗರಕ್ಕೆ ಹೋದೆ. ದೊಡ್ಡ ಅಂಗಡಿಯಲ್ಲಿ ಕೇಳಿದೆ. "ಕ್ರೀಮ್ ಇದೆ, ಚೀಸೂ ಇದೆ, ಎರಡೂ ಕೊಡ್ಲಾ?" ಎಂದ ಅಂಗಡಿಯವ. ಎರಡೂ ಸೇರಿದ್ದು ಬೇಕೆಂದೆ. "ಮನೇಲಿ ಸೇರಿಸ್ಕೊಳ್ಳಿ," ಎಂದು ಮುಂದಿನ ಗಿರಾಕಿಯನ್ನು ಕರೆದ. ಮಸ್ಕತ್ತಿನಲ್ಲಿ ಆ ಡಬ್ಬಿಗಳು ಒಂದು ಗೋಡೆಯುದ್ದ ಇರುತ್ತವೆ, ಯಾವುದನ್ನು ಆರಿಸುವುದೆಂದು ನಾವು ಜಗಳವಾಡುತ್ತಿದ್ದೆವು. ಸಿಟ್ಟಿನಲ್ಲಿ ಆಟೊ ಹತ್ತಿ ಇಕ್ಕೇರಿಗೆ ಹೋದೆ. ಶಾಲೆಯವರು ಕರೆದುಕೊಂಡು ಹೋದಾಗ ಅಲ್ಲಿನ ನಂದಿಯ ಕಾಲಿನ ಸಂದಿಯಲ್ಲಿ ನುಸುಳಿದ್ದೆ ಎಂದು ಲಲಿತಾ ಜಂಬ ಕೊಚ್ಚುತ್ತಿದ್ದಳು. ಆ ಸಂದಿಯನ್ನು ಬಗ್ಗಿ ನೋಡಿದೆ. ಅದರಲ್ಲಿ ನುಸುಳಬೇಕಾದರೆ ಎಷ್ಟು ಚಿಕ್ಕವಳಿದ್ದಿರಬೇಕು. ಕಲ್ಲು ತಣ್ಣಗಿತ್ತು. ಸ್ವಲ್ಪ ಹೊತ್ತು ಅಲ್ಲೇ ಕೂತು, ಬಸ್ಸು ತಪ್ಪಿಸಿಕೊಂಡೆ.

ಇನ್ನೊಂದು ವಾರ ತೀರ್ಥಹಳ್ಳಿ. ಅಲ್ಲಿಯೂ ಕ್ರೀಮ್ ಚೀಸ್ ಇಲ್ಲ. ಕೇಕಿನ ಪರಿಮಳಕ್ಕೆ ಗುಲಾಬಿ ನೀರು ಕೇಳಿದೆ, ಸಿಕ್ಕಿದ್ದು ಮುಖಕ್ಕೆ ಹಚ್ಚುವುದು. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದು ಬೇಡವೆಂದು ಕವಲೇದುರ್ಗ ಹತ್ತಿದೆ. ಮೇಲಿಂದ ಸಮುದ್ರ ಕಾಣುತ್ತದೆ ಎಂದು ಅವಳು ಆಣೆ ಮಾಡಿ ಹೇಳಿದ್ದಳು. ಮಂಡಿನೋವಿನಲ್ಲಿ ಕಲ್ಲಿನ ದಾರಿ ಹತ್ತಿ ನೋಡಿದರೆ ಕಂಡದ್ದು ಗುಡ್ಡಗಳ ನಡುವೆ ಅಣೆಕಟ್ಟಿನ ಹಿನ್ನೀರು. "ಸುಳ್ಳು ಹೇಳಿದೆಯಲ್ಲೇ," ಎಂದು ಜೋರಾಗಿಯೇ ಅಂದೆ. ಸೆಲ್ಫಿ ತೆಗೆಯುತ್ತಿದ್ದ ಕಾಲೇಜು ಹುಡುಗಿಯರು ತಿರುಗಿ ನೋಡಿ, ಸ್ವಲ್ಪ ದೂರ ಸರಿದು ನಿಂತರು. ಅವಳಿದ್ದಿದ್ದರೆ, ಅದು ಸಮುದ್ರವೇ, ನಿಮ್ಮ ಕಣ್ಣೇ ಸರಿಯಿಲ್ಲ ಎನ್ನುತ್ತಿದ್ದಳು. ಜಗಳವಾಡಲು ಒಳ್ಳೆಯ ಕಾರಣ ಸಿಕ್ಕಿತ್ತು, ಆಡಲು ಅವಳಿರಲಿಲ್ಲ.

ಕೊನೆಗೆ ಸಿಕ್ಕಿದ್ದರಲ್ಲಿ ಮಾಡುವುದೆಂದು ತೀರ್ಮಾನಿಸಿದೆ. ಮೊಸರನ್ನು ಪಂಚೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿದರೆ ನೀರಿಳಿದು ಬೆಣ್ಣೆಯಂತಾಗುತ್ತದೆ. ಅರಬರ ಲಬ್ನೆ ಇದೇ. ತಳಕ್ಕೆ ಹಾಕುವ, ಕುನಾಫಾ ಎಂಬ ಹಿಟ್ಟಿನ ಎಳೆಯ ಬದಲು ಸಣ್ಣ ಶಾವಿಗೆ, ತುಪ್ಪದಲ್ಲಿ ಹುರಿದದ್ದು. ಮೇಲೆ ಸುರಿಯುವ ಖರ್ಜೂರದ ಪಾಕದ ಬದಲು ಜೋನಿ ಬೆಲ್ಲ ಹಾಕಿ ಎಂದರು ಮಂಜಣ್ಣ. ಇಲ್ಲಿ ಬೆಲ್ಲವನ್ನು ಗಟ್ಟಿಯಾಗುವ ಮೊದಲೇ ಇಳಿಸಿ ಡಬ್ಬಿಯಲ್ಲಿಡುತ್ತಾರೆ, ಅದೇ ಜೋನಿ. ನಾನು ಒಪ್ಪಲಿಲ್ಲ. ಅದನ್ನೂ ಹಾಕಿದರೆ ಕೇಕು ಅತ್ತೆಯದೇ ಆಗುತ್ತದೆ ಎಂಬ ಹಟ. ಬೀಜ ತೆಗೆದ ಖರ್ಜೂರವನ್ನು ನೆನೆಹಾಕಿ, ಕುದಿಸಿ, ಸೋಸಿ ಪಾಕ ಮಾಡಿದೆ.

ಮೊದಲನೆಯದು ಸೆಖೆಗೆ ಹುಳಿಯಾಯಿತು. ಎರಡನೆಯದು ಬೇಕರಿಯ ಕರೆಂಟಿನ ಒಲೆಯಲ್ಲಿ ಅರ್ಧ ಬೆಂದಾಗ ಕರೆಂಟು ಹೋಯಿತು. ಮೂರನೆಯದು ನಡುವೆ ಬಾಯಿಬಿಟ್ಟಿತು.

"ಮಸ್ಕತ್ತಣ್ಣ, ಕೇಕು ಅಂದ್ರೆ ಉಬ್ಬಬೇಕು," ಎಂದರು ಮಂಜಣ್ಣ. "ನಿಮ್ದು ಎಂತಕ್ಕೆ ಹಿಂಗೆ ಕುಕ್ಕರಗಾಲಲ್ಲಿ ಕೂತಿದೆ?"

"ಇದು ಉಬ್ಬೋ ಕೇಕಲ್ಲ."

"ಮೊಸರನ್ನ ಬೇಯ್ಸೋದು ಯಾವ ದೇಶದ ಬುದ್ಧಿ ಮಾರಾಯ್ರೆ? ಅಲ್ಲಿ ಇದನ್ನ ಕಾಸು ಕೊಟ್ಟು ತಿಂತಾರಾ?"

ಬೈದರೂ ಒಲೆಯಲ್ಲಿ ಜಾಗ ಮಾತ್ರ ಬಿಟ್ಟುಕೊಡುತ್ತಿದ್ದರು. ಕಾರ್ಯದ ಹಿಂದಿನ ದಿನ ಬೆಳಿಗ್ಗೆ, ಬನ್ನಿನ ತಟ್ಟೆಗಳು ಇಳಿದ ಮೇಲೆ, ಕೊನೆಯ ಸಲ ಕಲಸಲು ನಿಂತೆ. ಅಂದು ಎಲ್ಲವೂ ಸರಿಯಾಗಿತ್ತು. ಮೊಸರು ಹುಳಿಯಾಗಿರಲಿಲ್ಲ, ಕರೆಂಟಿತ್ತು. ಕಲಸಿ ಮುಗಿಸಿ, ಚಮಚವನ್ನು ಅಂಚಿಗೆ ಒರೆಸಿ, ಬಾಯಿಗಿಟ್ಟುಕೊಂಡೆ.

"ಅಯ್ಯೋ! ಎಡೇದಲ್ವೇನ್ರಿ ಅದು?" ಎಂದು ಮಂಜಣ್ಣ ಕೂಗಿದಾಗಲೇ ನನಗೆ ಗೊತ್ತಾದದ್ದು.

ನಾನು ಕೆಲಸ ಕಲಿತದ್ದು ಲೆಬನಾನಿನ ಒಬ್ಬ ಮುದುಕನ ಕೈಕೆಳಗೆ. 'ದೂಕ್' ಎನ್ನುವುದು ಅವನ ಮಂತ್ರ, ರುಚಿ ನೋಡು ಎಂದರ್ಥ. ರುಚಿ ನೋಡದೆ ಒಲೆಗಿಟ್ಟ ತಟ್ಟೆಯನ್ನು ಅವನು ತೆಗೆದು ಕಸಕ್ಕೆ ಸುರಿಯುತ್ತಿದ್ದ. ತಾನು ತಿನ್ನದ್ದನ್ನು ಬೇರೆಯವರಿಗೆ ಕೊಡುವುದು ಅವನ ಅಡುಗೆಮನೆಯಲ್ಲಿ ಪಾಪ. ಇಲ್ಲಿ ತಿಂದು ಕೊಡುವುದು ಪಾಪ. ಎರಡು ಊರಿನ ಶಾಸ್ತ್ರ ನನ್ನ ಒಂದು ಕೈಗೆ ಹೇಗೆ ನೆನಪಿರಬೇಕು? ಹಿಂದಿನ ಮೂರನ್ನೂ ರುಚಿ ನೋಡಿಯೇ ಮಾಡಿದ್ದೆ, ಅವು ಎಡೆಗಲ್ಲ ಎಂದು. ಕೈಗೆ ಆ ವ್ಯತ್ಯಾಸ ತಿಳಿಯಲಿಲ್ಲ.

ಮತ್ತೆ ಮಾಡೋಣವೆಂದರೆ ಮೊಸರು ಬಸಿಯಲು ಒಂದು ರಾತ್ರಿ, ಕೇಕು ಕೂರಲು ಇನ್ನೊಂದು ರಾತ್ರಿ ಬೇಕು. ಮಂಜಣ್ಣ ನನ್ನ ಮುಖ ನೋಡಿ, "ನಾನೆಂತದೂ ನೋಡಿಲ್ಲ ಬಿಡಿ," ಎಂದು ಬನ್ನು ಪ್ಯಾಕ್ ಮಾಡಲು ತಿರುಗಿದರು. ಹಾಗೇ ಬೇಯಿಸಿದೆ. ಇಷ್ಟು ದಿನದಲ್ಲಿ ಅದರಷ್ಟು ಚೆನ್ನಾಗಿ ಯಾವುದೂ ಬಂದಿರಲಿಲ್ಲ.

ಮರುದಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೋಣಂದೂರಿನ ಬಸ್ಸಿನಲ್ಲಿ ಕೂತೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಎಲೆಯ ಮೇಲೆ ಅವಳ ತುಂಡು ಇರುತ್ತದೆ. ಆದರೆ ಅವಳು ಬರುವುದೇ ನಿಜವಾದರೆ, ಅವಳ ತಾಯಿಗೆ ಸುಳ್ಳು ಹೇಳಿ ಒಳಗೆ ಇಡಿಸಿದ್ದು ಅವಳಿಗೆ ತಿಳಿಯದೆ ಇರುತ್ತದೆಯೇ? ಜಗಲಿ ಹತ್ತುತ್ತಲೇ ಹೇಳಿಬಿಟ್ಟೆ.

"ಅತ್ತೆ, ರುಚಿ ನೋಡಿಬಿಟ್ಟೆ."

ಅವರು ಕಡುಬಿನ ಹಬೆಯಿಂದ ಎದ್ದು ಬಂದಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡರು. "ಹೇಳಿದ್ನಲ್ಲ ನಾನು?"

"ಕೈ ತಪ್ಪಿತು."

"ಕೈಯಾ, ಬಾಯಾ?" ಎಂದರು. "ಅಲ್ಲಿಡಿ. ಒಳಗೆ ತರಬೇಡಿ."

ಡಬ್ಬಿ ಜಗಲಿಯಲ್ಲೇ ಉಳಿಯಿತು. ಒಳಗೆ ಎಲೆ ಹಾಕಿದರು, ಬಡಿಸಿದರು, ಸುರೇಶ ಬಾಗಿಲೆಳೆದುಕೊಂಡ. ನಾವೆಲ್ಲ ಹೊರಗೆ ಕೂತೆವು. ಹುರಿದ ಮೀನಿನ ವಾಸನೆ ಬಾಗಿಲ ಸಂದಿಯಿಂದ ಬರುತ್ತಿತ್ತು. ಒಳಗೆ ಎರಡು ಜಡೆಯ ಹುಡುಗಿ ಕೂತು ಉಣ್ಣುತ್ತಿರುವುದನ್ನು ನಾನು ಕಲ್ಪಿಸಿಕೊಳ್ಳಬಲ್ಲವನಾಗಿದ್ದೆ. ನನ್ನವಳನ್ನು ಆ ಕೋಣೆಯಲ್ಲಿ ಎಲ್ಲಿ ಕೂರಿಸಬೇಕೆಂದೇ ತಿಳಿಯಲಿಲ್ಲ.

ಬಾಗಿಲು ತೆಗೆದು, ಎಲ್ಲರ ಊಟವಾದ ಮೇಲೆ, ಅತ್ತೆ ಜಗಲಿಗೆ ಬಂದು ನನ್ನ ಪಕ್ಕ ಕೂತು ಡಬ್ಬಿ ತೆಗೆದರು. ಒಂದು ತುಂಡು ಅಂಗೈಗೆ ಹಾಕಿಕೊಂಡು, ಮೂಸಿ, ಬಾಯಿಗಿಟ್ಟರು.

"ಹುಳಿ," ಎಂದರು. ಇನ್ನೂ ಸ್ವಲ್ಪ ತಿಂದರು. "ಇದನ್ನ ತಿಂತಿದ್ಲಾ ಅದು?"

"ಹೂಂ."

"ಮೂಗು ಮುಚ್ಕೊಳ್ದೆ?"

"ಇನ್ನೊಂದು ತುಂಡಿಗೆ ಜಗಳ ಆಡ್ತಿದ್ಲು ಅತ್ತೆ."

ಅಂಗೈಯ ತುಂಡನ್ನು ಬೆರಳಿನಿಂದ ಹೊರಳಿಸಿ ನೋಡಿದರು. "ಇಲ್ಲಿಗೆ ಬಂದಾಗ್ಲೆಲ್ಲ ಮೊಸರು ಬಡ್ಸೋಕೆ ಹೋಗ್ತಿರಲಿಲ್ಲ ನಾನು. ತಿಂತೀನಿ ಅಂತ ಒಂದ್ ಸಲನೂ ಬಾಯಿ ಬಿಡ್ಲಿಲ್ಲ ನೋಡಿ." ಅಂಗೈಯಲ್ಲಿ ಉಳಿದದ್ದನ್ನು ಪೂರ್ತಿ ತಿಂದು, ಕೈ ತೊಳೆಯಲು ಎದ್ದರು. ಹೋಗುವಾಗ ತಿರುಗದೆಯೇ ಹೇಳಿದರು: "ಮುಂದಿನ ವರ್ಷ ಬಾಯಿಗೆ ಬಟ್ಟೆ ಕಟ್ಕೊಂಡು ಮಾಡಿ."

ಹಾಗಾಗಿ, ಗೆಳೆಯರೇ, ಇನ್ನೊಂದು ವರ್ಷ ನಾನು ಬರುವುದಿಲ್ಲ. ಬೇಕರಿಯಲ್ಲಿ ಗುರುತಿನವರಾಗಿದ್ದಾರೆ. ದಿನಕ್ಕೆ ಮೂರು ಹೊತ್ತು ಅನ್ನ ತಿನ್ನಲು ಕಲಿತಿದ್ದೇನೆ. ಯಾರಾದರೂ ದಾರಿ ಕೇಳಿದರೆ 'ಇಲ್ಲೇ' ಎಂದು ನನ್ನ ಬಾಯಿಂದಲೂ ಬರುತ್ತದೆ. ಪೇರಳೆ ಮರದ ಕತೆಗಳು ಈಗ ನನಗೂ ಬಾಯಿಪಾಠ. ಅವರು ಅದನ್ನು ಹೇಳುವಾಗ ನಾನೂ ನಗುತ್ತೇನೆ. ನಾನು ಅಲ್ಲಿನದನ್ನು ಹೇಳಿದರೆ ಅವರು ಮರ್ಯಾದೆಯಿಂದ ಕೇಳುತ್ತಾರೆ, ಯಾರದೋ ಮನೆಯ ಸುದ್ದಿ ಕೇಳಿದ ಹಾಗೆ. ಲಲಿತಾಳನ್ನು ಹೆತ್ತವರು ಇಲ್ಲಿದ್ದಾರೆ, ಅವಳ ಜೊತೆ ಆಡಿ ಬೆಳೆದವರಿದ್ದಾರೆ. ಮಸ್ಕತ್ತಿನ ಲಲಿತಾಳನ್ನು ಕಂಡವರು ನನ್ನನ್ನು ಬಿಟ್ಟರೆ ಇಲ್ಲಿ ಯಾರೂ ಇಲ್ಲ.