ಹುಣಸೆಮರ ಯಾರ ಕಡೆ

ಸರಗೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿದ್ದ ನೀಲಾಂಬಿಕೆ, ಭಾನುವಾರ ಬಂತೆಂದರೆ ಎಣ್ಣೆಬಣ್ಣದ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು ಹೊತ್ತು ಬಸ್ಸು ಹತ್ತುತ್ತಿದ್ದರು. ಮನೆಯಲ್ಲಿ ಕೂತು ಬಯಲು ಬರೆಯುವುದು ಅವರಿಗೆ ಒಗ್ಗದು. ಆದರೆ ಕಬಿನಿ ಸೀಮೆಯಲ್ಲಿ ಅಂಥ ಸ್ಟ್ಯಾಂಡು ನೆಟ್ಟವರನ್ನು ಯಾರು ತಾನೇ ಚಿತ್ರ ಬರೆಯುವವರು ಅಂದುಕೊಂಡಾರು? ಅಣೆಕಟ್ಟೆಂದು, ಕಾಲುವೆಯೆಂದು ನೆಲ ಅಳೆಯಲು ಬಂದವರೆಲ್ಲ ತಂದದ್ದು ಅದನ್ನೇ. ಹೀಗಾಗಿ ಹೋದಲ್ಲೆಲ್ಲ ಅವರು ಸರ್ವೆಯವರಾದರು.

1996ರಲ್ಲಿ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ಹೊಲವೊಂದರಲ್ಲೂ ಅದೇ ಆಯಿತು. ಹೊಲದೊಡತಿ ಚಿಕ್ಕಸಿದ್ದಮ್ಮ ಕುಡುಗೋಲು ಹಿಡಿದೇ ಬಂದರು. ಬರೀ ಚಿತ್ರ ಎಂದಾಗಲೂ ನಂಬಿಕೆ ಸಾಲದೆ, ಬದುವಿನ ಹುಣಸೆಮರದಡಿ ಸಂಜೆಯವರೆಗೂ ಕಾವಲು ಕೂತರು. ಕೊನೆಗೆ ಎದ್ದು ಬಂದು ನೋಡಿ ಎದೆ ಬಡಿದುಕೊಂಡರು.

"ಅಯ್ಯೋ, ನನ್ನ ಮರವ ನಮ್ಮ ಮೈದ್ನ ಚಾಮಯ್ಯನ ಒಲಕ್ಕೆ ಆಕ್ಬುಟ್ರಲ್ಲ!"

ಅಂದ ಕಾಣಲೆಂದು ಚಿತ್ರದಲ್ಲಿ ಮರವನ್ನು ಬದುವಿನಾಚೆ ಸರಿಸಿದ್ದು ನಿಜ. ಆ ಮರ ಯಾರದೆಂಬ ಜಗಳಕ್ಕೆ ಅತ್ತಿಗೆ ಮೈದುನ ವರ್ಷಗಟ್ಟಲೆಯಿಂದ ಮಾತು ಬಿಟ್ಟಿರುವುದು ಪಾಪ ನೀಲಾಂಬಿಕೆಗೆ ಹೇಗೆ ಗೊತ್ತಾಗಬೇಕು?

"ಇದು ಚಿತ್ರ ಅಮ್ಮ, ಪಹಣಿ ಅಲ್ಲ."

"ಬರ್ದಿದ್ದು ಬರ್ದಿದ್ದೇ ಕಣವ್ವ. ನನ್ ಕಡೀಕೆ ಆಕಿ."

ಮೈಸೂರಿನ ಪ್ರದರ್ಶನಕ್ಕೆಂದು ಬರೆದ ಚಿತ್ರವದು. ಆದರೂ ಆ ಮುಖ ನೋಡಲಾಗದೆ ಮರವನ್ನು ಇದ್ದಲ್ಲಿಗೇ ತಂದರು. ಮರ ಹೋಗಿ ಚಿತ್ರದ ಮೂಲೆ ಸೇರಿತು, ಅಂದ ಕೆಟ್ಟಿತು. ಪ್ರದರ್ಶನದವರೂ ಮರ ಮೂಲೆಗೆ ಬಿದ್ದಿದೆ ಎಂದು ಚಿತ್ರವನ್ನು ಹಿಂದಕ್ಕೆ ಕಳಿಸಿದರು. ನೀಲಾಂಬಿಕೆಗೆ ಅಳುವೇ ಬಂತು. ಚಿತ್ರವನ್ನು ಮನೆಯ ಗೋಡೆಗೆ ನೇತುಹಾಕಿದರು.

ಅಲ್ಲಿಂದಾಚೆ ಪಿರಿಯಾಪಟ್ಟಣದ ತಂಬಾಕು ಬೇಯಿಸುವ ಬ್ಯಾರನ್ ಮನೆಯಾಗಲಿ, ಹುಣಸೂರಿನ ಸಾಲುಮರವಾಗಲಿ, ಇದ್ದದ್ದನ್ನು ಇದ್ದಲ್ಲೇ ಬರೆದರು. ಜನರನ್ನು ಮಾತ್ರ ಬರೆಯಲಿಲ್ಲ. ಜನ ಒಂದು ಕಡೆ ನೆಟ್ಟಗೆ ಕೂರುವುದಿಲ್ಲ ಎಂಬುದು ಅವರ ತಕರಾರು.

2005ರ ಮಳೆಗಾಳಿಗೆ ಆ ಹುಣಸೆಮರ ಉರುಳಿತು. ಮಾರನೆಯ ವಾರ ಚಿಕ್ಕಸಿದ್ದಮ್ಮ ಮರವನ್ನು ಚಿತ್ರದಲ್ಲಾದರೂ ನೋಡಬೇಕೆಂದು ವಿಳಾಸ ಕೇಳಿಕೊಂಡು ಸರಗೂರಿಗೇ ಬಂದರು. ಗೋಡೆಯ ಚಿತ್ರದ ಮೇಲೆ ಬೆರಳಿಟ್ಟು ಬದು ಹುಡುಕಿದರು.

"ಮರ ನಮ್ ಕಡೀಕೇ ಐತೆ. ನಾನೆಲ್ಲವ್ವ? ಅವತ್ತೆಲ್ಲ ಇದ್ರ ನೆಳ್ಳಲ್ಲೇ ಕುಂತಿದ್ನಲ್ಲ."

ನೀಲಾಂಬಿಕೆಗೆ ನಾಚಿಕೆಯಾಯಿತು. ಚಿತ್ರ ಇಳಿಸಿ ಬಣ್ಣದ ಪೆಟ್ಟಿಗೆ ತೆರೆದರು.

"ಇಂಗೆ ಕುಂತಿದ್ದೆ" ಎಂದು ಚಿಕ್ಕಸಿದ್ದಮ್ಮ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ತೋರಿಸಿದರು. ಬರೆದು ಮುಗಿಯುವವರೆಗೂ ಕದಲಲಿಲ್ಲ.