ಶ್ರೀಕಾರ ಹಾಕಿದ ಗಂಟು

ನನಗೆ ಗಂಟು ಕಟ್ಟಲು ಬರುವುದಿಲ್ಲ. ಅವ್ವ ಕಟ್ಟಿದ ಬುತ್ತಿ ಹೊಲದವರೆಗೂ ನೆಟ್ಟಗೆ ಹೋಗುತ್ತಿತ್ತು. ಬಿಚ್ಚಿದರೆ ಮೇಲೆ ರೊಟ್ಟಿ, ಒಳಗೆ ಪಲ್ಯ, ಮೂಲೆಯಲ್ಲಿ ಶೇಂಗಾ ಚಟ್ನಿ. ಬಿಚ್ಚಿದ ಅರಿವೆಯೇ ಉಣ್ಣಲು ಹಾಸು. ನಾನು ಕಟ್ಟಿದ ಬುತ್ತಿಯಾದರೋ ಹಾನಗಲ್ಲಿನ ಬಸ್ ಸ್ಟ್ಯಾಂಡ್ ದಾಟುವುದರೊಳಗೆ ಪಕ್ಕದವರ ಧೋತರಕ್ಕೂ ಮೊಸರು ಬಡಿಸಿರುತ್ತದೆ. ಅಂಥವನು ಈಗ ಒಂದು ಬಗೆಯ ಗಂಟಿನಲ್ಲಿ ನಿಪುಣನಾಗಿದ್ದೇನೆ ಎಂದರೆ ನೀವು ನಗಬಹುದು. ನಗಿರಿ, ಅಡ್ಡಿಯಿಲ್ಲ.

ಅಕ್ಕಿಆಲೂರಿನ ರೈಸ್ ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಭತ್ತದ ಧೂಳಿನ ನಡುವೆ ಕೂತು ಒಂದು ವಿದ್ಯೆ ಕಲಿತೆ. ಕರಿ ಪರದೆಯ ಮೇಲೆ ಒಂದು ಸಾಲಿನ ಆಜ್ಞೆ ಬರೆದರೆ ಹತ್ತಾರು ಫೈಲುಗಳು ಒತ್ತೊತ್ತಾಗಿ ಕೂತು ಒಂದೇ ಫೈಲಾಗುತ್ತವೆ. ಅದನ್ನು ಹೇಗೆ ಬಿಚ್ಚಬೇಕೆಂಬ ಸೂಚನೆಯೂ ಅದರ ನೆತ್ತಿಯ ಮೇಲೆಯೇ ಇರುತ್ತದೆ. ಪಡೆದವರು ನಡೆಸಿದರೆ ಸಾಕು, ಗಂಟು ತನ್ನಷ್ಟಕ್ಕೆ ಬಿಚ್ಚಿಕೊಂಡು ಚಿತ್ರವನ್ನು ಚಿತ್ರದ ಜಾಗದಲ್ಲಿ, ದನಿಯನ್ನು ದನಿಯ ಜಾಗದಲ್ಲಿ ಇಡುತ್ತದೆ. ಮೊದಲ ಸಲ ಅದು ಬಿಚ್ಚಿಕೊಂಡಾಗ ನನಗೆ ಅವ್ವನ ನೆನಪಾಯಿತು. ಮಿಲ್ಲಿನಲ್ಲಿ ಯಾರಿಗೂ ಅದನ್ನು ಹೇಳಲಿಲ್ಲ.

ಈ ವಿದ್ಯೆ ಉಪಯೋಗಕ್ಕೆ ಬಂದದ್ದು ಅಕ್ಕನಿಂದ. ಅಕ್ಕ ತಡಸದ ಹತ್ತಿರದ ಒಂದು ಶಾಲೆಯಲ್ಲಿ ಟೀಚರು. ಅಲ್ಲಿ ಯಾರೋ ಪುಣ್ಯಾತ್ಮರು ಕೊಟ್ಟ ನಾಲ್ಕು ಹಳೆಯ ಕಂಪ್ಯೂಟರುಗಳಿವೆ, ಇಂಟರ್‌ನೆಟ್ ಇಲ್ಲ. ಅಕ್ಕ ರಜೆಯೆಲ್ಲ ಕೂತು ಅಕ್ಷರ, ಕಾಗುಣಿತ, ಮಗ್ಗಿಗಳನ್ನು ತನ್ನ ದನಿಯಲ್ಲೇ ಹೇಳಿ, ಚಿತ್ರ ಜೋಡಿಸಿ ಪಾಠ ಮಾಡಿದ್ದಳು. ಅವನ್ನು ಕಂಪ್ಯೂಟರಿಗೆ ಹೊಂದಿಸಿಕೊಡುವುದು ನನ್ನ ಪಾಲಿನ ಕೆಲಸ. ಮೊದಲು ಬಿಡಿಬಿಡಿಯಾಗಿ ಪೆನ್‌ಡ್ರೈವಿನಲ್ಲಿ ಕಳಿಸಿ, ಯಾವುದನ್ನು ಎಲ್ಲಿಡಬೇಕೆಂದು ಫೋನಿನಲ್ಲಿ ಹೇಳಿದ್ದೆ. ಫೈಲುಗಳು ಅದಲುಬದಲಾಗಿ ಕೂತದ್ದರಿಂದ ನಾಲ್ಕರಲ್ಲಿ ಒಂದೂ ಬಾಯಿ ಬಿಡಲಿಲ್ಲ.

ಆಗ ಅಕ್ಕನ ಫೋನು ಬಂತು. "ತಮ್ಮಾ, ಸೋಮವಾರ ಸಾಹೇಬ್ರು ನೋಡಾಕ ಬರ್ತಾರ. ಕಂಪ್ಯೂಟರ್ ಸುಮ್ನ ಧೂಳ ತಿನ್ನಾಕತ್ತಾವ ಅಂದ್ರ ಸವಣೂರ ಕಡೆ ಸಾಲಿಗೆ ಒಯ್ತಾರಂತ. ನನ್ನ ಹುಡುಗ್ರು ಈಗರ ಮೌಸ್ ಹಿಡಿಯೂದು ಕಲ್ತಾರೋ."

ಕೊನೆಯ ಮಾತಿಗೆ ಅವಳ ದನಿ ಇಳಿಯಿತು. ಅಂದೇ ಎಲ್ಲವನ್ನೂ ಒಂದೇ ಗಂಟಾಗಿ ಕಟ್ಟಿ, ಪೆನ್‌ಡ್ರೈವಿಗೆ ಹಾಕಿ, ಕಂಡಕ್ಟರರ ಕೈಯಲ್ಲಿ ಕಳಿಸಿದೆ. ಮಿಲ್ಲಿನ ಕಂಪ್ಯೂಟರಿನಲ್ಲಿ ಬಿಚ್ಚಿ ನೋಡಿಯೇ ಕಳಿಸಿದ್ದು. ಆದರೂ ಶನಿವಾರ ಮತ್ತೆ ಫೋನು: ಫೈಲು ಕೆಟ್ಟಿದೆ ಎನ್ನುತ್ತಿದೆಯಂತೆ.

"ಅಕ್ಕಾ, ಅದರಾಗ ಏನರ ಮುಟ್ಟಿದೇನು?"

"ನಾ ಯಾಕ ಮುಟ್ಟಲೋ? ನೀ ಹೇಳಿದ್ದಷ್ಟ ಮಾಡೇನಿ."

ಭಾನುವಾರ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪೆನ್‌ಡ್ರೈವನ್ನು ಬೈದೆ, ಕಂಡಕ್ಟರರ ಕಿಸೆಯನ್ನು ಸಂಶಯಿಸಿದೆ. ಅಕ್ಕನೊಡನೆ ಶಾಲೆಗೆ ಹೋಗಿ ಫೈಲು ತೆರೆದರೆ ಎಲ್ಲಕ್ಕಿಂತ ಮೇಲೆ, ಮೊದಲ ಸಾಲಿನಲ್ಲಿ, ಒಂದೇ ಒಂದು ಅಕ್ಷರ ಕೂತಿತ್ತು. ಶ್ರೀ.

"ಇದನ್ಯಾರ ಬರದ್ರು?"

"ನಾನ. ಎರಡ ಸಲ ಒತ್ತಿದ್ನಿ, ಪುಟ ತೆರೀತು. ಹೊಸಾ ಬರಹ, ಮ್ಯಾಲೆ ಶ್ರೀ ಇರಲಿಲ್ಲ. ಅದಿಲ್ಲದ ಹೆಂಗೋ ಸುರು ಮಾಡೂದು?"

ಅಕ್ಕ ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಶ್ರೀ ಬರೆಯುವುದನ್ನು ಮುಟ್ಟುವುದು ಎಂದು ಯಾರೂ ಲೆಕ್ಕ ಹಿಡಿಯುವುದಿಲ್ಲ. ಕಿರಾಣಿ ಚೀಟಿಗೂ ನಮಗೆ ಶ್ರೀ ಬೇಕು. ಆದರೆ ಆ ಗಂಟಿನ ನೆತ್ತಿಯಲ್ಲಿ ಇಷ್ಟನೆಯ ಸಾಲಿನಿಂದ ಸಾಮಾನು ಸುರುವಾಗುತ್ತದೆ ಎಂದು ಬರೆದಿರುತ್ತದೆ. ಮೇಲೊಂದು ಸಾಲು ಸೇರಿದ್ದೇ ತಡ, ಸಾಮಾನೆಲ್ಲ ಒಂದು ಸಾಲು ಕೆಳಗೆ ಸರಿದಿತ್ತು. ಪಾಪ, ಯಂತ್ರ ಸೂಚನೆಯನ್ನೇ ಸಾಮಾನೆಂದು ತಿಳಿದು ಬಿಚ್ಚಲು ಹೊರಟಿತ್ತು.

ಹಿಂದೊಮ್ಮೆ ಆಡೂರಿಗೆ ಶಾಸನ ನೋಡಲು ಹೋಗಿದ್ದೆ. ನೋಡಲು ಎಂದೇ ಹೇಳಬೇಕು, ಓದಲು ನನಗೆ ಬಾರದು. ಜೊತೆಗಿದ್ದ ಹಿರಿಯರೊಬ್ಬರು ಹಳೆಯ ಶಾಸನಗಳ ರೀತಿ ಹೇಳಿದ್ದರು: ಸುರುವಿನಲ್ಲಿ ಮಂಗಳದ ಮಾತು, ಕೊನೆಗೆ ಕೆಡಿಸಿದವರಿಗೆ ಶಾಪ. ನನ್ನ ಗಂಟಿನಲ್ಲೂ ಶಾಪ ಇತ್ತು. ಒಳಗಿನದು ಒಂದಕ್ಷರ ಆಚೀಚೆಯಾದರೆ ತಾಳೆಯಾಗಲಿಲ್ಲ ಎಂದು ಮುಖ ತಿರುವುತ್ತದೆ. ಮಂಗಳ ಮಾತ್ರ ಮರೆತಿದ್ದೆ.

ಆ ಸಾಲನ್ನು ಅಳಿಸಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಬೆರಳು ಅಳಿಸುವ ಕೀಲಿಯ ಮೇಲೇ ಇತ್ತು. ಅಕ್ಕ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ನನಗೆ ಅಳಿಸುವ ಮನಸ್ಸಾಗಲಿಲ್ಲ. ಲ್ಯಾಪ್‌ಟಾಪ್ ತೆರೆದು ಗಂಟನ್ನು ಹೊಸದಾಗಿ, ಶ್ರೀಯನ್ನೂ ಲೆಕ್ಕದೊಳಗೆ ಸೇರಿಸಿಕೊಂಡೇ ಕಟ್ಟಿದೆ. ಆದರೆ ಅದನ್ನು ಎರಡನೆಯ ಸಾಲಿಗೆ ಇಳಿಸಬೇಕಾಯಿತು. ಮೊದಲ ಸಾಲಿನಲ್ಲಿ ತನ್ನದೇ ಗುರುತು ಇರಬೇಕೆಂಬುದು ಯಂತ್ರದ ಕಡೆಯ ಸಂಪ್ರದಾಯ.

"ಹಂಗಾರ ಅದಕ್ಕೂ ಶ್ರೀಕಾರ ಬೇಕಾ?" ಎಂದು ಅಕ್ಕ ಅಕ್ಕರೆಯಿಂದ ಪರದೆಯನ್ನು ನೋಡಿದಳು. "ಇರ್ಲಿ ಬಿಡು. ಮೊದ್ಲ ಅದರದ, ಆಮ್ಯಾಲೆ ನಮ್ದು."

ಸೋಮವಾರ ಸಾಹೇಬರ ಮುಂದೆ ಅಕ್ಕನೇ ಒಂದೊಂದರಲ್ಲೂ ಗಂಟು ಬಿಚ್ಚುವ ಒಂದು ಸಾಲಿನ ಆಜ್ಞೆ ಬರೆದು ಒತ್ತಿದಳಂತೆ. ನಾಲ್ಕೂ ಕಂಪ್ಯೂಟರು ಅವಳದೇ ದನಿಯಲ್ಲಿ ಅ, ಆ ಎಂದವಂತೆ. ಮಕ್ಕಳು ಜೊತೆಗೂಡಿ ಕೂಗಿದ್ದರಲ್ಲಿ ಸಾಹೇಬರ ಮಾತು ಯಾರಿಗೂ ಕೇಳಿಸಲಿಲ್ಲವಂತೆ. ಕಂಪ್ಯೂಟರುಗಳು ಅಲ್ಲೇ ಉಳಿದವು.

ಈಗ ಹಿರೇಕೆರೂರು ಕಡೆಯ ಶಾಲೆಯೊಂದರಿಂದಲೂ ಆ ಪಾಠ ಬೇಕೆಂದು ಕೇಳಿದ್ದಾರೆ. ಹೇಗೆ ಬಿಚ್ಚಬೇಕೆಂದು ಒಂದು ಪುಟದಷ್ಟು ಬರೆದು, ಸರಿಯಿದೆಯೇ ಎಂದು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿ ಅಂದಳು:

"ಅಷ್ಟೆಲ್ಲಾ ಬ್ಯಾಡೋ ತಮ್ಮಾ. ಶ್ರೀ ಆಗ್ಲೇ ಬರದೇವ್ರಿ, ನೀವು ಸುರು ಮಾಡ್ರಿ ಅಂತ ಬರಿ, ಸಾಕು."