ಮೇಜಿನ ಮೇಲಿನ ಊರು, ಪಾಂಡವಪುರದ ಮಹಡಿ

ಒಂದು ಬಾಡಿಗೆ ಮನೆ ಕೇಳಿದ್ದಕ್ಕೆ ನನ್ನ ಕೈಯಿಂದ ಒಂದು ಇಡೀ ಊರೇ ಹೋಯಿತು. ಆ ಊರು ಯಾವ ನಕ್ಷೆಯಲ್ಲೂ ಇರಲಿಲ್ಲ. ಶ್ರೀರಂಗಪಟ್ಟಣದ ಒಂದು ಮನೆಯಲ್ಲಿ, ಮೇಜಿನ ಸುತ್ತ ಕೂತು ನಾಲ್ಕು ಜನ ಬರೀ ಮಾತಿನಲ್ಲಿ ಕಟ್ಟುತ್ತಿದ್ದ ಊರು ಅದು. ಹೋದದ್ದು ಹೇಗೆಂದು ಬರೆಯುತ್ತೇನೆ. ನಮ್ಮ ವಿಜಯಪುರದ ಕಡೆಯಿಂದ ಇತ್ತ ಬರುವವರಿಗೆ ಉಪಯೋಗವಾದೀತು.

ನಾನು ಹಳೆಯ ಕಬ್ಬಿನ ಗಾಣಗಳನ್ನು ಕೊಂಡು, ರಿಪೇರಿ ಮಾಡಿಸಿ ಮಾರುವವನು. ಯಾರೂ ಕೈಹಿಡಿದು ಕಲಿಸಿದ ವ್ಯಾಪಾರವಲ್ಲ. ಪಾಂಡವಪುರದ ಸುತ್ತ ಆಲೆಮನೆಗಳು, ಅಂದರೆ ಬೆಲ್ಲ ಕಾಯಿಸುವ ಶೆಡ್ಡುಗಳು, ಹೆಚ್ಚೆಂದು ಇಲ್ಲಿಗೆ ಬಂದೆ. ಅದೇ ಕನ್ನಡ, ಆದರೂ ಮೊದಲ ತಿಂಗಳು ಬೇರೆ ದೇಶ. "ಬುಡು" ಎಂದರೆ ಬಿಡು ಎಂದು ಬೇಗ ತಿಳಿಯಿತು. "ಏನ್ಲಾ" ಎಂದು ಕರೆದರೆ ಜಗಳವಲ್ಲ, ಸಲಿಗೆ ಎಂದು ತಿಳಿಯಲು ಹೊತ್ತು ಹಿಡಿಯಿತು. ನಮ್ಮಲ್ಲಿ ರೊಟ್ಟಿ ಹಲ್ಲಿಗೆ ಕೆಲಸ ಕೊಡುತ್ತದೆ. ಇಲ್ಲಿ ಮುದ್ದೆ ಅಗಿದರೆ ನಗುತ್ತಾರೆ. ಗಾಣ ಇಡುವ ಶೆಡ್ಡಿನಲ್ಲೇ ಮಲಗುತ್ತಿದ್ದೆ. ಶಾಲೆ ಶುರುವಾಗುವ ಮೊದಲು ಹೆಂಡತಿ, ಮಗಳನ್ನು ಕರೆತರಲು ಒಂದು ಮನೆ ಬೇಕೇ ಬೇಕಿತ್ತು.

ನನ್ನಿಂದ ಗಾಣ ಕೊಂಡ ಪಾಂಡವಪುರದ ರೈತ ನಿಂಗರಾಜ ಒಂದು ಭಾನುವಾರ ನನ್ನನ್ನು ಶ್ರೀರಂಗಪಟ್ಟಣದ ಆ ಮನೆಗೆ ಆಟಕ್ಕೆ ಕರೆದೊಯ್ದ. ಕೆ.ಆರ್. ಪೇಟೆಯ ಒಬ್ಬ ಮೇಷ್ಟ್ರು ಕಥೆ ಶುರು ಮಾಡುತ್ತಾರೆ. ಆಡುವವರು ಒಂದೊಂದು ಪಾತ್ರವಾಗಿ, ಮುಂದೇನು ಮಾಡುತ್ತೇವೆಂದು ಹೇಳಬೇಕು. ಅದು ಆಗುತ್ತದೋ ಇಲ್ಲವೋ ಎಂಬುದು ದಾಳ ಬಿದ್ದ ಹಾಗೆ. ನಿಂಗರಾಜ, ನಾನು, ನಾಗಮಂಗಲದ ಅರ್ಚಕರ ಮನೆಯ ಪದ್ಮಾ, ಹೀಗೆ ಆಡುವವರು ಮೂವರು. ಇಲ್ಲಿ ಒಬ್ಬರನ್ನೊಬ್ಬರು ಸೋಲಿಸುವಂತಿಲ್ಲ. ಮೊದಲು ಎಲ್ಲರಿಗೂ ಸೇರಿ ಒಂದು ಗುರಿ ಬೇಕು, ಇಲ್ಲದಿದ್ದರೆ ಆಟವೇ ಇಲ್ಲ. ನಮ್ಮ ಗುರಿ: ನೆಲೆ ತಪ್ಪಿದ ಮೂವರು ಹೊಳೆ ದಾಟಿ, ಒಂದು ಊರು ಕಟ್ಟಿ, ಒಂದೇ ಸೂರಿನಡಿ ಬಾಳುವುದು.

ನನ್ನ ಪಾತ್ರ ವ್ಯಾಪಾರಿಯದು. ಚೌಕಾಸಿಗೆ ನನ್ನನ್ನೇ ಮುಂದೆ ತಳ್ಳುತ್ತಿದ್ದರು. "ನೀವೇ ಮಾತಾಡಿ ಅಣ್ಣ. ನಿಮ್ ಬಾಯಿಗೆ ಕಳ್ರೂ ಚಿಲ್ರೆ ವಾಪಸ್ ಕೊಡ್ತಾರೆ," ಎನ್ನುತ್ತಿದ್ದರು ಪದ್ಮಾ.

ಒಂದು ಭಾನುವಾರ ಮೇಷ್ಟ್ರು ಕೋಟೆ ಬಾಗಿಲ ಕಾವಲುಗಾರರಾದರು. "ನೀವಿಬ್ರು ಒಳಕ್ಕೆ ಬನ್ನಿ. ಈ ಪರಸ್ಥಳದೋನು ಬ್ಯಾಡ."

ನಿಂಗರಾಜ ದಾಳ ಮುಟ್ಟಲಿಲ್ಲ. "ಇವ್ನು ನಮ್ಮೋನು. ಇವ್ನ ಬುಟ್ಟು ನಾವೂ ಬರಾಕಿಲ್ಲ. ಬಾಗ್ಲು ತಗಿಯಲಾ," ಎಂದ. ಬಾಗಿಲು ತೆಗೆಯಲಿಲ್ಲ. ಕಥೆಯಲ್ಲಿ ಮೂವರೂ ಕೋಟೆಯ ಹೊರಗೆ ಉಪವಾಸ ಮಲಗಿದೆವು. ಇಲ್ಲಿಗೆ ಬಂದ ಮೇಲೆ ನನ್ನ ಹೊಟ್ಟೆ ತುಂಬಿದ್ದು ಅಂದೇ.

ಆ ಧೈರ್ಯದಲ್ಲೇ, ಆಟ ಮುಗಿಸಿ ಅವನ ಬೈಕಿನ ಹತ್ತಿರ ಬಂದಾಗ ಕೇಳಿದೆ. ನಿಂಗರಾಜನ ಮನೆಯ ಮಹಡಿ ಖಾಲಿಯಿತ್ತು. "ಮ್ಯಾಲಿನ ಮನಿ ನನಗ ಬಾಡಿಗಿ ಕೊಡ್ತಿ ಏನಪಾ?"

ಅವನು ಬೈಕಿನ ಕನ್ನಡಿ ಒರೆಸತೊಡಗಿದ. "ಅಪ್ಪಾಜಿ ಕೇಳ್ತಾರೆ, ಅದ್ಕೆ. ನೀವು ಯಾವ ಪೈಕಿ ಅಣ್ಣ?"

ಜಾತಿ ಹೇಳಿದೆ.

"ನಂಗೇನಿಲ್ಲ ಕಣಣ್ಣ. ಮನೇಲಿ ಎಂಗಸ್ರು ಒಪ್ಪಾಕಿಲ್ಲ. ಬ್ಯಾರೆ ಕಡೆ ನಾನೇ ನೋಡ್ಕೊಡ್ತೀನಿ ಬುಡಿ."

ಮೇಷ್ಟ್ರ ಬಳಿ ಹೇಳಿಕೊಂಡೆ. "ಆಟನ ಆಟ ಅಂತ ತಗೋಬೇಕು," ಎಂದರು. ಕಾವಲುಗಾರನ ಪಾತ್ರವನ್ನು ಅವರು ಬಹಳ ಚೆನ್ನಾಗಿ ಮಾಡಿದ್ದರು.

ಮುಂದಿನ ಭಾನುವಾರ ಕಥೆಯಲ್ಲಿ ಹೊಳೆ ದಾಟಿದೆವು. ಜಾಗದ ಒಡೆಯನಾಗಿ ಕೂತ ಮೇಷ್ಟ್ರ ಜೊತೆ ಬೆಲೆ ಕುದುರಿಸಿದರೆ ಊರು ನಮ್ಮದು. ಪದ್ಮಾ ಎಂದಿನಂತೆ "ಮಾತಾಡಿ ಅಣ್ಣ" ಎಂದರು.

"ಜಾಗ ಇವರಿಬ್ಬರಿಗೆ ಕೊಡ್ರಿ," ಎಂದೆ. "ನಾ ಇವರ ಪೈಕಿ ಅಲ್ಲ."

ನಿಂಗರಾಜ ತಲೆ ಎತ್ತಿದ. "ಇದ್ಯಾಕಣ್ಣ, ಬಾಡ್ಗೆ ಮನೇನ ಆಟಕ್ಕೂ ತಂದ್ರಾ?"

"ಆಟದಾಗಿಂದು ನೀ ಹೊರಗ ತರ್ಲಿಲ್ಲ. ಅದಕ್ಕ ಹೊರಗಿಂದು ನಾ ಒಳಗ ತಂದೆ."

ಮೇಷ್ಟ್ರು ದಾಳಗಳನ್ನು ಡಬ್ಬಿಗೆ ತುಂಬಿದರು. ಮತ್ತೆ ಯಾರೂ ಕರೆಯಲಿಲ್ಲ.

ಈಗ ಕೆ.ಆರ್.ಎಸ್.ನಲ್ಲಿ, ಒಂದು ಸಣ್ಣ ಹೋಟೆಲಿನ ಹಿಂದೆ ಮನೆ ಮಾಡಿದ್ದೇವೆ. ಹೋಟೆಲಿನವನು ಮುಂಗಡ ಬಿಟ್ಟು ಬೇರೇನೂ ಕೇಳಲಿಲ್ಲ. ಮಗಳು ಈಗ "ಅಂಗೆ, ಇಂಗೆ" ಎನ್ನುತ್ತಾಳೆ. ರಜೆಗೆ ಊರಿಗೆ ಹೋದರೆ ನನ್ನ ಅಣ್ಣನ ಮಕ್ಕಳು "ಮಂಡ್ಯದಾಕಿ ಬಂದ್ಲು" ಎಂದು ನಗುತ್ತಾರೆ. ಇಲ್ಲಿನ ಶಾಲೆಯಲ್ಲಿ ಅವಳು "ಬಿಜಾಪುರದೋಳು". ಯಾವ ಕಡೆಗೂ ಏನು ಉತ್ತರ ಕೊಡಬೇಕೆಂದು ನಾನು ಅವಳಿಗೆ ಕಲಿಸಿಲ್ಲ, ನನಗೇ ಗೊತ್ತಿಲ್ಲ.

ಬರುವವರಿಗೆ ನನ್ನ ಮಾತು ಇಷ್ಟೇ. ವ್ಯಾಪಾರದ ಮಾತೆತ್ತುವ ಮೊದಲು ಇಲ್ಲಿನವರ ಜೊತೆ ಟೀ ಕುಡಿಯಿರಿ. ಆಡಲು ಕರೆದರೆ ಹೋಗಿ. ಅಷ್ಟು ಚೆಂದದ ಆಟ ನಮ್ಮ ಕಡೆ ನಾನು ನೋಡಿಲ್ಲ. ಎಲ್ಲರ ಗುರಿಯೂ ಒಂದೇ ಎಂದಾಗ, ಎಷ್ಟು ಗಂಟೆಯವರೆಗೆ ಎಂದು ಕೇಳಿಕೊಳ್ಳಿ. ಮನೆಯನ್ನು ಮಾತ್ರ ಗುರುತಿಲ್ಲದವರ ಹತ್ತಿರವೇ ಕೇಳಿ. ಅವರು ಇಲ್ಲವೆಂದರೆ ಮುಂದಿನ ಬೀದಿಗೆ ನಡೆಯಬಹುದು. ಗೆಳೆಯ ಇಲ್ಲವೆಂದರೆ ಕಾಲು ಏಳುವುದಿಲ್ಲ.